ಹೊಸ ಬ್ಯಾಟರಿ ಹಾಕಿಸುವ ಮುಂಚೆ ಮೀಟರ್ ಹಿಡಿದು ನೋಡಿ

ಮಾನ್ಯ ಸಂಪಾದಕರೇ,

ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ಬಹಳ ಕಡೆ ಸಿಗುವುದು ಒಂದೇ ಉತ್ತರ. ‘ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕ್ಸಿ.’ ವೋಲ್ಟ್, ಕರೆಂಟ್ ಅಳೆಯುವ ಮೀಟರ್ ಹಿಡಿದು ನೋಡುವವರು ಕಡಿಮೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ತೆಗೆದುಕೊಂಡು, ಹೊಸದನ್ನು ಕೂರಿಸಿ ಬಿಲ್ ಕೊಟ್ಟುಬಿಡುತ್ತಾರೆ. ಸ್ವಲ್ಪ ದಿನಕ್ಕೆ ಹೊಸದೂ ಡೌನ್. ವಾರಂಟಿ ಕೇಳಲು ಹೋದರೆ ‘ಬ್ಯಾಟರಿ ಚೆನ್ನಾಗಿದೆ, ಚಾರ್ಜ್ ಇಳಿದಿದೆ ಅಷ್ಟೇ’ ಅಂತಾರೆ. ಅದು ನಿಜವೂ ಇರಬಹುದು. ಹಾಗಾದರೆ ಹಳೆಯದರಲ್ಲೂ ದೋಷ ಇರಲಿಲ್ಲವೇನೋ, ಅದನ್ನು ಮೊದಲೇ ನೋಡಬೇಕಿತ್ತು ಅಲ್ವಾ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗೇ ಆಯಿತು. ಕಾರನ್ನು ಎರಡು ದಿನ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆದರೆ ಟಕ್ ಟಕ್ ಅನ್ನುವ ಸದ್ದು ಬಿಟ್ಟು ಬೇರೇನಿಲ್ಲ. ಬ್ಯಾಟರಿ ಬದಲಿಸಿದರೂ ಅದೇ ಕಥೆ. ಕೊನೆಗೆ ಹಳಬರಾದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಬಂದರು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜ್‌ನಲ್ಲಿ ಸೇರಿಸಿದರು. ಬಾಗಿಲು ತೆರೆದೇ ಇತ್ತು, ಆದರೆ ಬಾಗಿಲ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿದರು. ಆಮೇಲೆ ಅರ್ಧ ಗಂಟೆ ಕಾರನ್ನು ಮುಟ್ಟಲೇ ಇಲ್ಲ. ಇದು ಮುಖ್ಯ, ಯಾಕಂದ್ರೆ ಈಗಿನ ಕಾರುಗಳ ಒಳಗಿನ ಕಂಪ್ಯೂಟರ್‌ಗಳು ಕೀ ತೆಗೆದ ತಕ್ಷಣ ಮಲಗುವುದಿಲ್ಲ, ಕೆಲವಕ್ಕೆ ಹತ್ತು ನಿಮಿಷ ಸಾಕು, ಕೆಲವಕ್ಕೆ ಒಂದು ಗಂಟೆಯೂ ಬೇಕು, ಅದಕ್ಕೆ ಮುಂಚೆ ನೋಡಿದ ರೀಡಿಂಗ್ ಲೆಕ್ಕಕ್ಕೆ ಬರುವುದಿಲ್ಲ.

ಅರ್ಧ ಗಂಟೆ ಆದ ಮೇಲೂ ಮೀಟರ್ 0.62 ಆಂಪಿಯರ್ ತೋರಿಸುತ್ತಿತ್ತು. ನಿಲ್ಲಿಸಿದ ಕಾರು ಸಾಮಾನ್ಯವಾಗಿ 0.05ಕ್ಕಿಂತ ಜಾಸ್ತಿ ಎಳೆಯಬಾರದು. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಹಾಕುತ್ತಾ ಹೋದರು. ಸ್ಟೀರಿಯೊ ಫ್ಯೂಸ್ ಕಿತ್ತಾಗ ರೀಡಿಂಗ್ 0.03ಕ್ಕೆ ಇಳಿಯಿತು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ದೊಡ್ಡ ಟಚ್‌ಸ್ಕ್ರೀನ್ ಸ್ಟೀರಿಯೊ ಅದು. ಕೀ ತೆಗೆದರೂ ಒಳಗೊಳಗೇ ಕರೆಂಟ್ ಎಳೆಯುತ್ತಿತ್ತು. ಲೆಕ್ಕ ಹಾಕಿ: 0.6 ಆಂಪಿಯರ್ ಅಂದರೆ ದಿನಕ್ಕೆ 14 ಆಂಪಿಯರ್ ಅವರ್‌ಗಿಂತ (ಆಂಪಿಯರನ್ನು ಗಂಟೆಗಳಿಂದ ಗುಣಿಸಿದ ಲೆಕ್ಕ) ಜಾಸ್ತಿ. ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್ ಅವರ್. ಎರಡು ದಿನಕ್ಕೆ ಇನ್ನೇನು ಉಳಿಯುತ್ತದೆ? ಎಷ್ಟು ಹೊಸ ಬ್ಯಾಟರಿ ಹಾಕಿದರೂ ಇದೇ ಗತಿ.

ಸ್ಟೀರಿಯೊ ಒಂದೇ ಅಲ್ಲ. ನೇರ ಬ್ಯಾಟರಿಗೆ ವೈರ್ ಕೊಟ್ಟ ಡ್ಯಾಶ್ ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಎಲ್ಲವೂ ಕಾರಣ ಆಗಬಹುದು. ಡಿಕ್ಕಿ ದೀಪ ಆರುತ್ತಿಲ್ಲ ಅನ್ನುವ ಅನುಮಾನ ಇದ್ದರೆ ಮೊಬೈಲ್‌ನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ, ಆಮೇಲೆ ನೋಡಿ. 5 ವ್ಯಾಟ್‌ನ ಒಂದು ಪುಟ್ಟ ಬಲ್ಬ್ ಕೂಡ ದಿನಕ್ಕೆ 10 ಆಂಪಿಯರ್ ಅವರ್ ತಿನ್ನುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ಸುಲಭದ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ಸಾಧಾರಣ ಮೀಟರ್ ಇದ್ದರೆ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ ಅಂತ ಅರ್ಥ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಇಳಿದರೆ ಬಹುತೇಕ ಖಾಲಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಆಗ ಬ್ಯಾಟರಿಯ ಮೇಲೆ ಅನುಮಾನ ಪಡಿ. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಬರಬೇಕು. ಬರದಿದ್ದರೆ ಡೈನಮೋ ಅಥವಾ ಬೆಲ್ಟ್ ನೋಡಿಸಿ. ಆದರೆ ಕೆಲವು ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಬೇಕೆಂದೇ ಏರಿಳಿಸುತ್ತದೆ, ಅಲ್ಲಿ ಒಂದು ಸಲ ಕಡಿಮೆ ತೋರಿಸಿತು ಅಂತ ಡೈನಮೋ ಬಿಚ್ಚಿಸಬೇಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದೆಯಾ, ಕೈಯಲ್ಲಿ ತಿರುಗಿಸಿದರೆ ಸಡಿಲ ಇದೆಯಾ ಅಂತಲೂ ನೋಡಿ. ಬರೀ ಅಷ್ಟಕ್ಕೇ ಹೊಸ ಬ್ಯಾಟರಿ ಕೊಂಡವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಒಂದು ಎಚ್ಚರಿಕೆ. ಕರೆಂಟ್ ಅಳೆಯಲು ಮೀಟರ್ ಸೇರಿಸಿರುವಾಗ ಕೀ ತಿರುಗಿಸಬೇಡಿ, ಮೀಟರ್ ಅಥವಾ ಅದರ ಫ್ಯೂಸ್ ಸುಟ್ಟುಹೋಗುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಾದರೆ ತಿಳಿದವರಿಗೇ ಬಿಡಿ.

ಇನ್ನು ನಗರದವರಿಗೆ ಒಂದು ಮಾತು. ದಿನಾ ಎರಡು ಮೂರು ಕಿಲೋಮೀಟರ್ ಹೋಗಿ ಬರುವ ಕಾರು, ಅದರಲ್ಲೂ ಟ್ರಾಫಿಕ್‌ನಲ್ಲಿ ಎಸಿ, ಲೈಟ್ ಹಾಕಿಕೊಂಡು ನಿಲ್ಲುವ ಕಾರು, ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜನ್ನೂ ಪೂರ್ತಿ ತುಂಬಿಸಿಕೊಳ್ಳುವುದಿಲ್ಲ. ಅಂಥ ಕಾರಿನ ಬ್ಯಾಟರಿಗೆ ಬೇಕಾಗಿರುವುದು ರಾತ್ರಿಯಿಡೀ ಒಂದು ಚಾರ್ಜರ್ ಅಥವಾ ಆಗಾಗ ಒಂದು ಉದ್ದದ ಓಡಾಟ. ಹಾಗಂತ ಖಾಲಿಯಾದ ಬ್ಯಾಟರಿಯನ್ನು ಸುಮ್ನೆ ಬಿಡಬಾರದು. ಖಾಲಿ ಇದ್ದಷ್ಟು ದಿನವೂ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಮೊದಲಿನ ಶಕ್ತಿ ಬರುವುದಿಲ್ಲ. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಪದೇ ಪದೇ ಜಂಪ್ ಸ್ಟಾರ್ಟ್ ಮಾಡಿಕೊಂಡು ಓಡಿಸುವವರು ಒಳ್ಳೆಯ ಬ್ಯಾಟರಿಯನ್ನೇ ಹೀಗೆ ಹಾಳು ಮಾಡುತ್ತಿದ್ದಾರೆ. ನಿಜವಾಗಿ ಆಯಸ್ಸು ಮುಗಿಯುವ ಬ್ಯಾಟರಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಅವು ಬೇಗ ಸೊರಗುತ್ತವೆ. ಅದೂ ಅಳೆದಾಗಲೇ ಗೊತ್ತಾಗುವುದು.

ಬ್ಯಾಟರಿ ಅಂಗಡಿಯವರಲ್ಲಿ, ಗ್ಯಾರೇಜಿನವರಲ್ಲಿ ನನ್ನ ವಿನಂತಿ ಇಷ್ಟೇ. ಹೊಸದನ್ನು ಮಾರುವ ಮುಂಚೆ ನಿಂತಾಗಿನ ವೋಲ್ಟ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಎಂಜಿನ್ ಓಡುವಾಗಿನ ವೋಲ್ಟ್, ಈ ಮೂರನ್ನೂ ಬಿಲ್ ಮೇಲೆ ಬರೆದುಕೊಡಿ. ವರ್ಷದೊಳಗೆ ಮತ್ತೆ ಡೌನ್ ಆಗಿ ಬಂದ ಕಾರಾದರೆ, ನಿಂತಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನುವುದನ್ನೂ ಅಳೆಯಿರಿ, ಅದಕ್ಕೆ ಬೇಕಾದ ಕೂಲಿ ತೆಗೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಕಾರಿನವರೂ ಕೇಳಿ ಪಡೆಯಿರಿ. ಬರೆದುಕೊಡಲ್ಲ ಅಂದರೆ ಅಲ್ಲೇ ನಿಂತು ಮೀಟರ್ ತೋರಿಸಲು ಹೇಳಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ವಾರಂಟಿ ಕೇಳುವಾಗ ಕೆಲಸಕ್ಕೆ ಬರುತ್ತದೆ.

– ನಿಮ್ಮ ಓದುಗ, ದಾವಣಗೆರೆ