ಗೆಳೆಯನಿಗೊಂದು ಪತ್ರ: ಐದು ಕೀಮೊ ಮುಗಿದವು, ಇನ್ನೊಂದು ಉಳಿದಿದೆ

ನವನಗರ, ಬಾಗಲಕೋಟೆ
ಏಪ್ರಿಲ್ 20

ದೋಸ್ತಾ,

ಮೂರು ಸಲ ನಿನ್ನ ಫೋನ್ ಬಂತು, ಮೂರು ಸಲವೂ ನಾನು ಎತ್ತಲಿಲ್ಲ. ಮೊದಲ ಸಲ ಹೊಟ್ಟೆ ತೊಳಸುತ್ತಿತ್ತು, ಎರಡನೇ ಸಲ ನಿದ್ದೆ ಹತ್ತಿತ್ತು. ಮೂರನೇ ಸಲ ಮಾತ್ರ ಬೇಕಂತಲೇ ಸುಮ್ಮನಾದೆ. "ಧೈರ್ಯಾ ಬಿಡಬ್ಯಾಡೋ, ಪಾಸಿಟಿವ್ ಇರು, ಮನಸ್ ಗಟ್ಟಿ ಇದ್ರ ಎಲ್ಲಾ ಆರಾಮ ಆಗ್ತದ" ಅಂತ ನೀನು ಅನ್ನುತ್ತೀ ಎಂಬುದು ಗೊತ್ತಿತ್ತು. ಅದಕ್ಕೆ ಏನು ಹೇಳಬೇಕೋ ತಿಳಿಯದೆ ಹದಿನೈದು ದಿನ ಕಳೆದೆ. ಈಗ ಬರೆಯುತ್ತಿದ್ದೇನೆ. ಇಂಥದ್ದೇ ಸಂಕಟ ಇರುವ ಬೇರೆ ಮನೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ನಿನ್ನ ಹೆಸರು ಬರೆದಿಲ್ಲ.

ಆದದ್ದು ಇಷ್ಟು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ, ವಯಸ್ಸಾಯಿತು ಅಂದುಕೊಂಡೆ. ಸೊಂಟದ ನೋವಿಗೆ ಒಂದು ಕಡೆ ಏಳು ತಿಂಗಳು ಬರೀ ಗುಳಿಗೆ ಕೊಟ್ಟರು. ಒಂದು ರಕ್ತಪರೀಕ್ಷೆ ಮಾಡಿಸಿ ಅಂತ ಯಾರ ಬಾಯಿಂದಲೂ ಬರಲಿಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಪಿಎಸ್‌ಎ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ, ಮಾಡಿಸಿದಾಗ ಸುಮಾರು 4ರ ಒಳಗೆ ಇರಬೇಕಾದದ್ದು 312 ಇತ್ತು. ಬೋನ್ ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಕೆಳಭಾಗ, ಸೊಂಟದ ಎಲುಬು, ಬಲಗಡೆಯ ಒಂದು ಪಕ್ಕೆಲುಬು, ಎಲ್ಲಾ ಕಡೆ ಕಪ್ಪು ಚುಕ್ಕೆ. ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹೋದ ಮೇಲೆ ಪೂರ್ತಿ ವಾಸಿ ಅನ್ನುವ ಮಾತು ಇಲ್ಲ, ಹತೋಟಿಯಲ್ಲಿ ಇಡೋಣ ಎಂದು ಬೆಳಗಾವಿಯ ಡಾಕ್ಟರು ಮೊದಲ ದಿನವೇ ಹೇಳಿದರು. ಮಗ ಅವರ ಮುಖ ನೋಡಿದ, ಸಿಟ್ಟಾದ. ನನಗೆ ಮಾತ್ರ ಅವರ ಮೇಲೆ ಅವತ್ತೇ ವಿಶ್ವಾಸ ಕೂತಿತು.

ಮೊದಲು ಗಂಡಸಿನ ಹಾರ್ಮೋನು ಇಳಿಸುವ ಇಂಜೆಕ್ಷನ್, ಮೂರು ತಿಂಗಳಿಗೊಂದು. ಜೊತೆಗೆ ಮೂರು ವಾರಕ್ಕೊಮ್ಮೆ ಕೀಮೊ, ಒಟ್ಟು ಆರು. ಔಷಧದ ಹೆಸರು ಡೊಸಿಟ್ಯಾಕ್ಸೆಲ್. ಯುರೋಪಿನ ಯೂ ಮರದ ಎಲೆಯಿಂದ ತೆಗೆದ ಸತ್ವದಿಂದ ಮಾಡುತ್ತಾರಂತೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಡೋಸಿನ ಲೆಕ್ಕ ಕೇಳದೆ ಇರಲಾಗಲಿಲ್ಲ. ಮೈಯ ಮೇಲ್ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 75 ಮಿಲಿಗ್ರಾಂ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 166 ಸೆಂಟಿಮೀಟರ್, 61 ಕಿಲೋ. ಸಲೈನ್ ಬಾಟಲಿಯ ಕೆಳಗೆ ಕೂತು ಹಳೇ ಪಾವತಿಯ ಹಿಂಬದಿಗೆ ಲೆಕ್ಕ ಮಾಡಿದೆ: 1.68 ಚದರ ಮೀಟರ್, 126 ಮಿಲಿಗ್ರಾಂ. ಸಿಸ್ಟರ್ ತಂದ ಚೀಟಿಯಲ್ಲೂ ಅದೇ ಅಂಕಿ. ನನ್ನ ಮೈಯಲ್ಲಿ ನಡೆಯುವುದರಲ್ಲಿ ಒಂದಾದರೂ ನನಗೆ ತಿಳಿಯುತ್ತದೆ ಎಂಬ ಸಮಾಧಾನ ಅವತ್ತು ಎಷ್ಟು ದೊಡ್ಡದಾಗಿತ್ತು ಅಂತ ನಿನಗೆ ಹೇಗೆ ಹೇಳಲಿ.

ಇನ್ನೊಂದು ಲೆಕ್ಕವನ್ನೂ ಡಾಕ್ಟರು ತೋರಿಸಿದರು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ, 790 ಗಂಡಸರು. ಇಂಜೆಕ್ಷನ್ ಒಂದನ್ನೇ ತೆಗೆದುಕೊಂಡವರಿಗಿಂತ, ಅದರ ಜೊತೆ ಆರು ಕೀಮೊ ತೆಗೆದುಕೊಂಡವರ ಆಯುಷ್ಯದ ಮಧ್ಯಾಂಕ 13.6 ತಿಂಗಳು ಹೆಚ್ಚು. ಮಧ್ಯಾಂಕ ಅಂದರೆ ಏನು ಅಂತ ಒಂಬತ್ತನೇ ಇಯತ್ತೆಯ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ. ಅರ್ಧ ಜನ ಆ ಗೆರೆಯ ಈಚೆ, ಅರ್ಧ ಜನ ಆಚೆ. ಆಚೆ ಎಷ್ಟು ದೂರ ಅಂತ ಗೆರೆ ಹೇಳೋದಿಲ್ಲ. ನನ್ನ ಆಸೆ ನಿಂತಿರುವುದು ಅಲ್ಲಿ. ಅದು ಸುಳ್ಳು ಆಸೆ ಅಲ್ಲ.

ಮೂರು ವಾರದಲ್ಲಿ ಒಂದೊಂದು ವಾರದ್ದೂ ಒಂದೊಂದು ಬಣ್ಣ. ಕೀಮೊ ಆದ ಮೂರನೇ ದಿನದಿಂದ ಆರನೇ ದಿನದವರೆಗೆ ಮೈ ನನ್ನದಲ್ಲ. ಜೋಳದ ರೊಟ್ಟಿ ಬಾಯಲ್ಲಿ ರಟ್ಟಿನ ಹಾಗೆ, ಶೇಂಗಾ ಹಿಂಡಿ ಕಬ್ಬಿಣದ ಹಾಗೆ. ನಿನ್ನ ವೈನಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಕಿವುಚಿ, ಬಟ್ಟಲಲ್ಲಿ ಹಾಕಿ ಕೊಡುತ್ತಾಳೆ. ಬಾಯಿ ಹುಣ್ಣಾದ ದಿನ ಅದೊಂದೇ ಇಳಿಯುವುದು. ಎರಡನೇ ವಾರದ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣ ಇಳಿಯುತ್ತವೆ. ಆಗ ಮದುವೆ, ಜಾತ್ರೆ, ಬಸ್ಸು ಯಾವುದೂ ಇಲ್ಲ. ದಿಂಬಿನ ಪಕ್ಕ ಥರ್ಮಾಮೀಟರ್. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು, ಆ ಕ್ಷಣಕ್ಕೇ ದವಾಖಾನೆ. ಎರಡನೇ ಕೀಮೊ ಆದ ಮೇಲೆ ಒಂದು ರಾತ್ರಿ 101 ಬಂತು. ಮಗ ಎರಡು ಗಂಟೆಗೆ ಗಾಡಿ ತೆಗೆದ. ನಾಲ್ಕು ದಿನ ಒಳಗಿದ್ದು ಬಂದೆ. ಮೂರನೇ ವಾರ ಮಾತ್ರ ನನ್ನದು. ನಾಲಿಗೆಗೆ ಉಪ್ಪು ಉಪ್ಪಾಗಿ ತಿಳಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುಂಡು ಹಾಕಿ ಇಡುತ್ತೇನೆ.

ನಡಿಗೆಯ ವಿಷಯಕ್ಕೆ ಬರುತ್ತೇನೆ, ನೀನು ಕೇಳಿದ್ದೂ ಅದನ್ನೇ. ಹೌದು, ದಿನಾ ನಡೆಯುತ್ತೇನೆ. ಈ ಬಿಸಿಲಿಗೆ ಐದೂವರೆಗೇ ಹೊರಡಬೇಕು. ಚಲೋ ದಿನ ಅರ್ಧ ತಾಸು, ನಮ್ಮ ಸೆಕ್ಟರ್ ಎರಡು ಸುತ್ತು. ಕೆಟ್ಟ ದಿನ ಪಡಸಾಲೆಯಿಂದ ಹಿತ್ತಲಿನ ನುಗ್ಗೆ ಗಿಡದವರೆಗೆ, ಹತ್ತು ಸಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂಡುವುದು, ಹನ್ನೆರಡು ಸಲ. ಒಂದೊಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಎತ್ತುವುದು. ಹಾರ್ಮೋನು ಇಳಿಸುವ ಇಂಜೆಕ್ಷನ್ ಸ್ನಾಯು ಕರಗಿಸುತ್ತದೆ, ಎಲುಬು ಸವೆಸುತ್ತದೆ, ಅದಕ್ಕೆ ಇದು ಬೇಕೇ ಬೇಕು. ಸುಸ್ತಾಗಿದೆ ಅಂತ ಮಲಗಿದರೆ ಸುಸ್ತು ಹೆಚ್ಚಾಗುತ್ತದೆ ಎಂಬುದನ್ನು ಮೊದಲ ಕೀಮೊ ಹೊತ್ತಿಗೇ ಕಂಡುಕೊಂಡೆ. ಆದರೆ ಫಿಜಿಯೋಥೆರಪಿಯ ಹುಡುಗಿ ಕಟ್ಟುನಿಟ್ಟಾಗಿ ಹೇಳಿದ್ದಾಳೆ: ಬಗ್ಗಿ ಭಾರ ಎತ್ತಬಾರದು, ಸೊಂಟ ತಿರುವಬಾರದು, ಕಾಲು ಒಮ್ಮೆಲೇ ಸೋತರೆ ಅಥವಾ ಮೂತ್ರ ಹತೋಟಿ ತಪ್ಪಿದರೆ ಅವತ್ತೇ ಬರಬೇಕು. ಕೊಡ ಎತ್ತುವ ಕೆಲಸ ಈಗ ಮೊಮ್ಮಗನದು. ನನ್ನ ಈ ಪತ್ರ ನೋಡಿ ಬೇರೆ ಯಾರಾದರೂ ಶುರು ಮಾಡುವುದಾದರೆ ತಮ್ಮ ಡಾಕ್ಟರನ್ನು ಕೇಳಿಯೇ ಮಾಡಲಿ. ಒಬ್ಬೊಬ್ಬರ ಎಲುಬಿನ ಹಣೆಬರಹ ಬೇರೆ.

ನಡೆದರೆ ರೋಗ ಸೋಲುತ್ತದೆ ಎಂದು ನಾನು ನಡೆಯುತ್ತಿಲ್ಲ. ಹಾಗೆ ಅಂದುಕೊಂಡರೆ, ನಾಳೆ ರಿಪೋರ್ಟ್ ಕೆಟ್ಟು ಬಂದಾಗ ನಾನು ಸರಿಯಾಗಿ ನಡೆಯಲಿಲ್ಲ, ಮನಸ್ಸು ಗಟ್ಟಿ ಇಡಲಿಲ್ಲ ಅಂತ ತಪ್ಪು ನನ್ನ ತಲೆಗೇ ಬರುತ್ತದೆ. ನಿನ್ನ ಮಾತು ನನಗೆ ಚುಚ್ಚಿದ್ದು ಇಲ್ಲಿಯೇ. ಕೀಮೊ ಕೊಡುವ ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ರಾಮದುರ್ಗದ ಕಡೆಯ ಒಬ್ಬ ರೈತರು ಇರುತ್ತಾರೆ. ಅವರು ಒಂದು ದಿನ ಅಂದರು: "ಸರ್, ಹೊಲಕ್ಕ ಕಸದ ಔಷಧ ಹೊಡದಂಗ ಇದು. ಕಸಾ ಸುಡ್ತದ, ಸ್ವಲ್ಪ ಪೀಕೂ ಬಾಡ್ತದ. ಬಾಡೈತಂತ ನೀರು ಹಾಯ್ಸೂದು ಬಿಡ್ತೀವೇನ್ರಿ?" ನನ್ನ ನಡಿಗೆ ಅವರು ಹೇಳಿದ ನೀರು ಹಾಯಿಸುವ ಕೆಲಸ.

ಹೋಳಿಯ ಸುದ್ದಿ ಹೇಳಬೇಕು. ಮೂರನೇ ಕೀಮೊ ಆಗಿ ಎಂಟನೇ ದಿನಕ್ಕೆ ಬಂತು. ಬಾಗಲಕೋಟೆಯಲ್ಲಿ ಹುಟ್ಟಿ ಹೋಳಿಗೆ ಮನೆಯೊಳಗೆ ಕೂತದ್ದು ಇದೇ ಮೊದಲು. ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು ಊರಲ್ಲಿ ಸುತ್ತುತ್ತಿದ್ದರೆ ನಾನು ಮಾಳಿಗೆಯ ಮೇಲೆ ಒಬ್ಬನೇ. ಮೊಮ್ಮಗ ಹಲಗಿ ತಂದ. ಕಾಯಿಸಿ ಕೊಟ್ಟೆ. ಬೆಂಕಿಗೆ ಹಿಡಿದು ಚರ್ಮ ಬಿಗಿಯಾಗಿದೆಯೋ ಅಂತ ಬೆರಳಿನಿಂದ ತಟ್ಟಿ ನೋಡಿದೆ. ಬೆರಳಿಗೆ ಏನೂ ತಿಳಿಯಲಿಲ್ಲ, ದೋಸ್ತಾ. ಕೀಮೊದಿಂದ ಬೆರಳ ತುದಿ ಜೋಮು ಹಿಡಿದ ಹಾಗಿವೆ. ಅಂಗಿಯ ಗುಂಡಿ, ಪಾಯಿಜಾಮಿನ ಲಾಡಿ ಎಲ್ಲಾ ನೋಡಿಕೊಂಡೇ ಕಟ್ಟಬೇಕು. ಸಣ್ಣ ಕಡ್ಡಿ ಎರಡು ಸಲ ಕೈಯಿಂದ ಜಾರಿ ಬಿತ್ತು. ಆಮೇಲೆ ಕಡ್ಡಿ ಬಿಟ್ಟು, ಅಂಗೈಯಿಂದ ಎಣ್ಣೆ ಡಬ್ಬಿಯ ಮೇಲೆ ನಮ್ಮ ಓಣಿಯ ಹಳೇ ಗತ್ತು ಬಾರಿಸಿ ತೋರಿಸಿದೆ. ನಾನು ಡಬ್ಬಿಯ ಮೇಲೆ, ಅವನು ಹಲಗಿಯ ಮೇಲೆ. ನಾಲ್ಕನೇ ಸಲಕ್ಕೆ ಅವನ ಕೈಗೆ ಹತ್ತಿತು. ನಾವಿಬ್ಬರೂ ಚಡ್ಡಿ ಹಾಕಿಕೊಂಡು ಕಾಮಣ್ಣನ ಕಟ್ಟಿಗೆ ಕದ್ದ ಆ ಓಣಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಗಿ ಎಷ್ಟು ವರ್ಷವಾಯಿತು. ಅದರ ಗತ್ತು ನವನಗರದ ಮಾಳಿಗೆಯ ಮೇಲೆ ಕೇಳಿತು.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿಲ್ಲ. ಆ ಹಾರ್ಮೋನಿನ ಇಂಜೆಕ್ಷನ್ ಆದ ಮೇಲೆ ಒಮ್ಮಿಂದೊಮ್ಮೆ ಎದೆಯಿಂದ ಮುಖಕ್ಕೆ ಬೆಂಕಿ ಏರುತ್ತದೆ, ಬನಿಯನ್ ತೊಯ್ದು ಹೋಗುತ್ತದೆ, ಎರಡು ನಿಮಿಷಕ್ಕೆ ಚಳಿ. ನಿನ್ನ ವೈನಿ ಐವತ್ತರ ಆಸುಪಾಸಿನಲ್ಲಿ ರಾತ್ರಿ ಎದ್ದು ಫ್ಯಾನ್ ಜೋರು ಮಾಡುತ್ತಿದ್ದಳು, ನಾನು ಬೈದು ಕಡಿಮೆ ಮಾಡಿಸುತ್ತಿದ್ದೆ. ಈಗ ಅವಳೇ ಎದ್ದು ಟವೆಲ್ ಕೊಡುತ್ತಾಳೆ, ಫ್ಯಾನ್ ಜೋರು ಮಾಡುತ್ತಾಳೆ, ತಾನು ರಗ್ಗು ಹೊದೆಯುತ್ತಾಳೆ. ಒಂದು ರಾತ್ರಿ ಅವಳ ಕ್ಷಮೆ ಕೇಳಿದೆ. "ಸುಮ್ ಮಲಗ್ರಿ" ಅಂದಳು. ಆದರೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ನಾಲ್ಕನೇ ಕೀಮೊ ಆದ ಮೇಲೆ ಪಿಎಸ್‌ಎ 9ಕ್ಕೆ ಇಳಿದಿದೆ. ಸೊಂಟದ ನೋವು ಮುಕ್ಕಾಲು ಪಾಲು ಹೋಗಿದೆ. ಅತ್ತ ದಿನಗಳೂ ಇವೆ. ಅತ್ತು ಮುಗಿದ ಮೇಲೆ ನುಗ್ಗೆ ಗಿಡದವರೆಗೆ ಹೋಗಿ ಬಂದಿದ್ದೇನೆ.

ಆರನೆಯದು 28ಕ್ಕೆ. ಕಲಾದಗಿ, ಲೋಕಾಪುರ, ಯರಗಟ್ಟಿ ದಾರಿ ಈಗ ಕಣ್ಣು ಮುಚ್ಚಿದರೂ ಗುರುತು ಹತ್ತುತ್ತದೆ. ನೀನು ಮೇ 14ರ ಮೇಲೆ ಬಾ, ಅಷ್ಟರಲ್ಲಿ ನನ್ನ ನಾಲಿಗೆ ತಿರುಗಿ ಬಂದಿರುತ್ತದೆ, ಜೊತೆಗೇ ಕೂತು ಎಣಗಾಯಿ ತಿನ್ನೋಣ. ಬರುವ ಮೊದಲು ನಿಮ್ಮೂರಲ್ಲಿ ಡಾಕ್ಟರ ಹತ್ತಿರ ಹೋಗಿ ಪಿಎಸ್‌ಎ ವಿಷಯ ಕೇಳು. ನಿಮ್ಮ ಅಣ್ಣನಿಗೂ ಇದೇ ಇತ್ತು ಎಂಬುದನ್ನು ಮರೆಯದೆ ಹೇಳು. ಅಣ್ಣನಿಗೆ ಇದ್ದರೆ ತಮ್ಮನಿಗೆ ಅಪಾಯ ಹೆಚ್ಚು. ನನ್ನ ಮಗನಿಗೂ 45 ದಾಟಿದ ಮೇಲೆ ಮಾಡಿಸು ಅಂದಿದ್ದಾರೆ. ರಿಪೋರ್ಟ್ ತಂದು ನನಗೆ ತೋರಿಸು, ಇದೊಂದು ನನ್ನ ಹಟ.

ಧೈರ್ಯ ಹೇಳಬೇಡ, ನನ್ನ ಜೊತೆ ನಡೆ. ಹಿನ್ನೀರು ಈಗ ಬಹಳ ಹಿಂದೆ ಸರಿದಿದೆ, ಘಟಪ್ರಭೆಯ ದಂಡೆಯಲ್ಲಿ ಹಳೇ ನೆಲ ಕಾಣುತ್ತಿದೆ. ಮಳೆ ಬಿದ್ದು ಮತ್ತೆ ತುಂಬುವ ಮೊದಲು ಅಲ್ಲಿಯವರೆಗೆ ಹೋಗಿ ಬರೋಣ. ನಡುನಡುವೆ ನಾನು ಕೂಡುತ್ತೇನೆ, ನೀನು ಅವಸರ ಮಾಡಬಾರದು.

ನಿನ್ನ ಹಾದಿ ನೋಡುತ್ತ,
ಹಳೇ ಓಣಿಯ ಗೆಳೆಯ