ಮೇಜಿನ ಮೇಲಿನ ರಾಶಿ: ಸಾಗರದ ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರೀತಿಯ ಗೆಳೆಯನಿಗೆ,

ನಮಸ್ಕಾರ. ನಾವೆಲ್ಲರೂ ಇಲ್ಲಿ ಕ್ಷೇಮ. ಅಲ್ಲಿಯೂ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಆಯುಧಪೂಜೆಯ ದಿನ ಮೇಜನ್ನು ಒರೆಸಿ, ಕಂಪ್ಯೂಟರಿಗೆ ಕುಂಕುಮವಿಟ್ಟು ಸೇವಂತಿಗೆ ಏರಿಸಿದ್ದಾಯಿತೆಂದೂ, ಆ ಅಂದ ಎರಡು ವಾರವೂ ಉಳಿಯಲಿಲ್ಲವೆಂದೂ, ಮತ್ತೆ ಅದಕ್ಕೆ ಕೈ ಹಚ್ಚಲು ಹುಮ್ಮಸ್ಸೇ ಬರುತ್ತಿಲ್ಲವೆಂದೂ ಬರೆದಿದ್ದೀಯೆ. ಹುಮ್ಮಸ್ಸಿಗಾಗಿ ಕಾಯುವುದೇ ಇಲ್ಲಿನ ತೊಡಕೆಂದು ನನಗೆ ತೋರುತ್ತದೆ. ರಾತ್ರಿ ಊಟವಾದ ಮೇಲೆ ಒಲೆಕಟ್ಟೆ ಒರೆಸುವುದಕ್ಕೆ ನಿಮ್ಮ ಮನೆಯಲ್ಲಿ ಯಾರೂ ಹುಮ್ಮಸ್ಸು ಬರಲೆಂದು ಕಾಯುವುದಿಲ್ಲ; ಕಟ್ಟೆ ಒರೆಸಿದಾಗಲೇ ಅಡುಗೆ ಮುಗಿದಂತೆ.

2020ರ ಲಾಕ್‌ಡೌನ್‌ ಕಾಲದಲ್ಲಿ ನೀನು ಪೇಟೆಯ ಬಾಡಿಗೆ ಕೋಣೆಯನ್ನು ಬಿಟ್ಟು ತೆರಿಗೆ ಸಲಹೆಯ ಕೆಲಸವನ್ನು ಮನೆಗೆ ತಂದಾಗ ಬಾಡಿಗೆಯೇನೋ ಉಳಿಯಿತು. ಆದರೆ ಸಂಜೆ ಬೀಗ ಹಾಕುವ ಹೊತ್ತು ಎಂಬುದೊಂದು ಇತ್ತಲ್ಲ, ಅದನ್ನು ನೀನು ಅಲ್ಲಿಯೇ ಬಿಟ್ಟುಬಂದೆ. ಬಾಗಿಲು ಹಾಕಬೇಕೆಂಬ ಒಂದೇ ಕಾರಣಕ್ಕೆ ಆಗ ಫೈಲುಗಳು ಬೀರುವಿಗೆ ಹೋಗುತ್ತಿದ್ದವು, ಬೆಳಿಗ್ಗೆ ಕಸ ಗುಡಿಸಲು ಬರುವವರಿಗಾಗಿಯಾದರೂ ಮೇಜು ಖಾಲಿಯಾಗುತ್ತಿತ್ತು. ಈಗಿನ ಮೇಜಿಗೆ ಮುಚ್ಚುವ ಹೊತ್ತೂ ಇಲ್ಲ, ಒಬ್ಬನೇ ಯಜಮಾನನೂ ಇಲ್ಲ.

ನೀನು ಕಳುಹಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅಡಿಕೆ ಮಂಡಿಯವರ ಖರೀದಿ ಬಿಲ್ಲುಗಳ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡು ಕರಗಿ ಮೇಲಿನ ಹಾಳೆಗೆ ಅಂಟಿಕೊಂಡಿದೆ. ಸರಕು ಸಾಗಣೆಯ ಇ-ವೇ ಬಿಲ್ಲಿನ ಪ್ರತಿಯ ಮೇಲೆ ಚಹಾ ಲೋಟದ ದುಂಡು ಗುರುತು ಎರಡು ಕಡೆ ಮೂಡಿದೆ. ಪಂಚಿಂಗ್ ಮಷಿನ್ನಿನಿಂದ ಉದುರಿದ ಕಾಗದದ ಚೂರುಗಳು ಕೀಬೋರ್ಡಿನ ಸಂದುಗಳಲ್ಲಿ ಕುಳಿತಿವೆ. ಇವೆಲ್ಲ ನಿನ್ನ ವೃತ್ತಿಯವು, ಒಪ್ಪಿದೆ. ಆದರೆ ಅವುಗಳ ನಡುವೆ ಅಮ್ಮನ ಬಿ.ಪಿ. ಮಾತ್ರೆಯ ಪಟ್ಟಿ, ಮಗಳ ಬಣ್ಣದ ಪೆನ್ಸಿಲ್ಲುಗಳು, ಕರೆಂಟ್ ಬಿಲ್ಲು, ಯಾವುದೋ ಮದುವೆಯ ಕರೆಯೋಲೆ ಇವಕ್ಕೇನು ಕೆಲಸ? ಮನೆಯಲ್ಲಿ ಬೇರೆಲ್ಲೂ ನೆಲೆಯಿಲ್ಲದ ವಸ್ತುಗಳು ನಿನ್ನ ಮೇಜನ್ನು ಸೇರುತ್ತಿವೆ. ಪೂಜೆಯ ದಿನ ನೀನು ಅವನ್ನೆಲ್ಲ ಎತ್ತಿ, ಧೂಳು ಒರೆಸಿ, ಓರಣವಾಗಿ ಅಲ್ಲಿಯೇ ಮರಳಿ ಇಟ್ಟಿರಬೇಕು. ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದುಬಂದ 5 ಎಸ್ ಎಂಬ ಪದ್ಧತಿಯಲ್ಲಿ ಶುಚಿ ಮಾಡುವುದು ಮೂರನೆಯ ಹಂತ. ಬೇಕಾದುದನ್ನೂ ಬೇಡವಾದುದನ್ನೂ ಬೇರ್ಪಡಿಸುವುದು ಮೊದಲನೆಯದು, ಉಳಿದುದಕ್ಕೆ ಜಾಗ ಗೊತ್ತುಮಾಡುವುದು ಎರಡನೆಯದು. ಮಾತ್ರೆಗೆ ಅಮ್ಮನ ಮಂಚದ ಪಕ್ಕದಲ್ಲಿ ಒಂದು ಡಬ್ಬಿ, ಬಿಲ್ಲುಗಳಿಗೆ ಬಾಗಿಲ ಬಳಿ ಗೋಡೆಗೆ ಒಂದು ಚೀಲ, ಇಷ್ಟಾದರೆ ಅರ್ಧ ರಾಶಿ ತಾನಾಗಿ ಕರಗುತ್ತದೆ.

ಚೆಲ್ಲಾಪಿಲ್ಲಿಯಾದ ಮೇಜಿನಲ್ಲೇ ಬುದ್ಧಿ ಚುರುಕಾಗುತ್ತದೆ ಎಂದು ನೀನು ಹೇಳುವುದು ಪೂರ್ತಿ ಸುಳ್ಳೇನಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಿಂಗ್‌ಪಾಂಗ್ ಚೆಂಡಿಗೆ ಹೊಸ ಉಪಯೋಗಗಳನ್ನು ಸೂಚಿಸಿರೆಂದು ಕೇಳಿದಾಗ, ಅಸ್ತವ್ಯಸ್ತವಾದ ಕೋಣೆಯಲ್ಲಿ ಕುಳಿತವರ ಸಲಹೆಗಳು ಹೆಚ್ಚು ಸ್ವೋಪಜ್ಞವಾಗಿದ್ದವು. ಆದರೆ ಜಿ.ಎಸ್.ಟಿ. ರಿಟರ್ನ್ ತುಂಬುವಾಗ ಸ್ವೋಪಜ್ಞತೆ ತೋರಿಸಿದರೆ ಬಹುಮಾನಕ್ಕೆ ಬದಲು ನೋಟಿಸು ಬರುತ್ತದೆಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ಕಾಗದಗಳನ್ನು ಎಸೆಯಲು ಭಯವೆಂದಿರುವೆ. ಭಯ ನ್ಯಾಯವಾದುದೇ. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ಜಿ.ಎಸ್.ಟಿ. ಕಾನೂನು ಹೇಳುತ್ತದೆ. ಅವನ್ನು ಮೇಜಿನ ಮೇಲೆಯೇ ಕಾಪಾಡಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಬಾಕ್ಸ್ ಫೈಲ್ ಮಾಡಿಸಿ, ಬೆನ್ನಿನ ಮೇಲೆ ಹೆಸರನ್ನೂ ಆರ್ಥಿಕ ವರ್ಷವನ್ನೂ ದಪ್ಪ ಅಕ್ಷರದಲ್ಲಿ ಬರೆದು, ಗೋಡೆಗೆ ತಾಗದಂತೆ ಒಂದು ಗೇಣು ಮುಂದಕ್ಕೆ ನಿಲ್ಲಿಸಿದ ರ‍್ಯಾಕಿನಲ್ಲಿಡು. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ಒರಗಿಸಿದ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು ಬೇಕು? ಪೆಟ್ರೋಲ್ ಬಂಕಿನ ಚೀಟಿ, ಎ.ಟಿ.ಎಂ. ರಸೀದಿಯಂಥ ನುಣುಪು ಕಾಗದದ ಬರಹ ಕಾಲಕ್ರಮದಲ್ಲಿ ತಾನೇ ಮಾಸಿಹೋಗುವುದರಿಂದ ಅವನ್ನು ಬಂದ ದಿನವೇ ಸ್ಕ್ಯಾನ್ ಮಾಡಿಬಿಡುವುದು ಲೇಸು. ಬರೆಯದ ಪೆನ್ನುಗಳ ಬಗ್ಗೆ ಚರ್ಚೆ ಬೇಡ, ಎಸೆದುಬಿಡು.

ಇನ್ನು ದಿನನಿತ್ಯದ ಮಾತು. ಪೀಟರ್ ಗೊಲ್ವಿಟ್ಸರ್ ಎಂಬ ಮನಃಶಾಸ್ತ್ರಜ್ಞರು 1999ರ ಒಂದು ಲೇಖನದಲ್ಲಿ, ‘ಇಂಥದ್ದು ಮಾಡುತ್ತೇನೆ’ ಎಂದು ಬರಿದೆ ಸಂಕಲ್ಪಿಸುವವರಿಗಿಂತ ‘ಇಂಥ ಗಳಿಗೆಯಲ್ಲಿ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಳ್ಳುವವರು ಹೆಚ್ಚಾಗಿ ಕೆಲಸ ಮುಗಿಸುತ್ತಾರೆಂಬುದನ್ನು ತೋರಿಸಿದ್ದಾರೆ. ನಿನಗೆ ಅಂಥ ಗಳಿಗೆಯನ್ನು ಹುಡುಕುವ ಶ್ರಮವೇ ಇಲ್ಲ. ಯು.ಪಿ.ಎಸ್. ಆರಿಸುವ ಮುನ್ನ ಮೇಜು ಖಾಲಿ ಮಾಡುತ್ತೇನೆ ಎಂದು ಗೊತ್ತುಮಾಡಿಕೋ. ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳಬೇಕಾದ ಫೈಲ್ ಒಂದು ಮಾತ್ರ ಮೇಲಿರಲಿ. ನಾನು ಹೀಗೆಯೇ ಮಾಡುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ತಿಂಗಳ 11 ಮತ್ತು 20ರ ಗಡುವುಗಳ ನಡುವೆ ನಿನ್ನ ಮೇಜು ಕೆಡುವುದು ಸಹಜ, ಆ ದಿನಗಳಲ್ಲಿ ನೀನು ಬೇಸರಪಡಬೇಕಾಗಿಲ್ಲ. ಆದರೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಿ ಮುಗಿದ 20ರ ಸಂಜೆ, ಆ ತಿಂಗಳ ಕಾಗದಗಳೆಲ್ಲ ಬಾಕ್ಸ್ ಫೈಲ್ ಸೇರುವವರೆಗೆ ಕುರ್ಚಿಯಿಂದ ಏಳಬೇಡ.

ರ‍್ಯಾಕಿನ ಅಳತೆಯನ್ನು ಬರೆದು ಕಳುಹಿಸಿದರೆ ಇಲ್ಲಿ ವಿಚಾರಿಸಿ ನೋಡುತ್ತೇನೆ. ಸಾಗರದಲ್ಲಿಯೇ ಬಡಗಿ ಸಿಕ್ಕರೆ ಮರದ್ದೇ ಮಾಡಿಸುವುದು ಒಳ್ಳೆಯದು, ಗೆದ್ದಲಿಗೆ ಔಷಧಿ ಹೊಡೆಸಲು ಮರೆಯಬೇಡ. ಅಮ್ಮನಿಗೆ ನನ್ನ ನಮಸ್ಕಾರಗಳನ್ನೂ ಮಗಳಿಗೆ ಆಶೀರ್ವಾದವನ್ನೂ ತಿಳಿಸು.

ಇಂತಿ,
ನಿನ್ನ ಗೆಳೆಯ