ಪಿಕಾಚುವನ್ನ ತೆಗೆದಿಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಚಾಪೆ ಮೇಲೆ ಹತ್ತತ್ತರ ಆರು ಸಾಲು, ಒಟ್ಟು 60 ಪೋಕೆಮಾನ್ ಕಾರ್ಡು, ಮೂಲೆಯಲ್ಲಿ ಪುಟ್ಟಿಯ ಕಾಲ್ಬೆರಳು. ಹಿಗ್ಗಿಸಿ ಹಿಗ್ಗಿಸಿ ಒಂದೊಂದನ್ನೂ ಓದಿದೆ. ಜೊತೆಗೆ ಅವಳ ದನಿ: "ಮಾಮ, ಇದು ನನ್ನ ಮೊದಲನೇ ಡೆಕ್, ಹೇಗಿದೆ ಹೇಳಿ." ಚೆನ್ನಾಗಿದೆ ಅಂತ ಒಂದು ಸಾಲು ಬರೆದು ಮುಗಿಸೋಕೆ ಮನಸ್ಸು ಬರಲಿಲ್ಲ. ಹತ್ತು ವರ್ಷದ ಹುಡುಗಿ ಅಷ್ಟು ಶ್ರದ್ಧೆಯಿಂದ ಜೋಡಿಸಿ ಕೇಳಿದ್ದಾಳೆ, ಸರಿಯಾದ ಉತ್ತರವನ್ನೇ ಕೊಡಬೇಕು. ಅವಳಿಗೆ ಅರ್ಥವಾಗೋ ಹಾಗೆ ನೀನು ಓದಿ ಹೇಳು.

ಡೆಕ್ ಅಂದರೆ ಆಡೋಕೆ ನಾವೇ ಆರಿಸಿ ಕಟ್ಟಿಕೊಳ್ಳೋ ಕಾರ್ಡಿನ ಕಟ್ಟು. ಪೋಕೆಮಾನ್ ಡೆಕ್ಕಿನಲ್ಲಿ 60 ಅಂದರೆ 60, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅದನ್ನ ಎಣಿಸಿ ಇಟ್ಟಿದ್ದಾಳೆ, ಭೇಷ್. ಆದರೆ ಆ 60ರಲ್ಲಿ 22 ಎನರ್ಜಿ ಕಾರ್ಡು (ಪೋಕೆಮಾನ್‌ಗೆ ಹೊಡೆಯೋ ಶಕ್ತಿ ಕೊಡೋವು), ಅದೂ ಮೂರು ಬಣ್ಣದವು. ಉಳಿದ 38ರಲ್ಲಿ 35 ಬೇರೆ ಬೇರೆ ಹೆಸರು ಎಣಿಸಿದೆ. ಚಾರಿಝಾರ್ಡ್ ಈಎಕ್ಸ್ ಒಂದು, ಪಿಕಾಚು ಒಂದು, ಗಾರ್ಡೆವಾರ್ ಒಂದು. ಗಾರ್ಡೆವಾರ್ ಬರಬೇಕಾದರೆ ಮೊದಲು ರಾಲ್ಟ್ಸ್ ಬೇಕು, ಆಮೇಲೆ ಅದು ಬೆಳೆದ ರೂಪ ಕಿರ್ಲಿಯಾ ಬೇಕು, ಈ ಬೆಳೆಯೋದಕ್ಕೇ ವಿಕಾಸ ಅನ್ನೋದು. ಚಾಪೆ ಮೇಲೆ ಎರಡೂ ಕಾಣಲಿಲ್ಲ. ಅಂದರೆ ಆ ಗಾರ್ಡೆವಾರ್ ಕೈಗೆ ಬಂದರೂ ಆಟ ಮುಗಿಯೋವರೆಗೆ ಕೈಯಲ್ಲೇ ಕೂತಿರುತ್ತೆ. ಮನೆಯಲ್ಲಿರೋ ಒಳ್ಳೊಳ್ಳೆಯದನ್ನೆಲ್ಲ ತಂದು ಸಂತೆಯಲ್ಲಿ ಹರಡಿದ ಹಾಗಾಗಿದೆ.

ಇದು ಅವಳೊಬ್ಬಳ ತಪ್ಪೇನಲ್ಲ. ಸಾಗರದ ಶಾಲೆಯಲ್ಲಿ ನಾವು ಆಡುತ್ತಿದ್ದ ಕುಸ್ತಿಯ ಟ್ರಂಪ್ ಕಾರ್ಡ್ ನೆನಪು ಮಾಡಿಕೋ. ಎತ್ತರ, ತೂಕ, ಎದೆಯಳತೆ ಹೇಳಿ ಎದುರಿನವನ ಕಾರ್ಡು ಗೆಲ್ಲೋದು. ಮೇಲಿನ ಕಾರ್ಡು ಯಾವುದು ಬಂತೋ ಅದೇ ಹಣೆಬರಹ, ಯಾರ ಜೇಬಿನಲ್ಲಿ ಕಟ್ಟು ದಪ್ಪಗಿದೆಯೋ ಅವನೇ ದೊಡ್ಡವನು. ಆ ಲೆಕ್ಕ ಎಳವೆಯಲ್ಲೇ ನಮ್ಮ ಕೈಗೆ ಅಂಟಿಬಿಟ್ಟಿದೆ. ಡೆಕ್ ಕಟ್ಟೋ ಆಟಗಳಲ್ಲಿ ಆ ಲೆಕ್ಕವನ್ನ ಪೂರ್ತಿ ಮರೆಯಬೇಕು. ಇಲ್ಲಿ ಸೇರಿಸೋದು ಯಾರಿಗಾದರೂ ಬರುತ್ತೆ. ಯಾವುದನ್ನ ತೆಗೀಬೇಕು ಅಂತ ಕೂತು ಯೋಚನೆ ಮಾಡೋದೇ ಅರ್ಧ ಆಟ.

ನನಗಿದು ತಲೆಗೆ ಹೋಗಿದ್ದು ಸ್ಲೇ ದಿ ಸ್ಪೈರ್ ಅನ್ನೋ ಕಂಪ್ಯೂಟರ್ ಆಟ ಆಡುವಾಗ. 2019ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಆಟ, ಮೆಗಾ ಕ್ರಿಟ್ ಅನ್ನೋ ಪುಟ್ಟ ತಂಡ ಮಾಡಿದ್ದು. ಇವತ್ತಿಗೂ ಇಂಥ ಆಟಗಳಲ್ಲಿ ನನ್ನ ಪಾಲಿಗೆ ಅದೇ ಮೊದಲು. ಐರನ್‌ಕ್ಲ್ಯಾಡ್ ಅನ್ನೋ ಯೋಧನ ಕೈಗೆ ಶುರುವಿಗೆ ಹತ್ತೇ ಕಾರ್ಡು ಕೊಡುತ್ತೆ: 5 ಸ್ಟ್ರೈಕ್, 4 ಡಿಫೆಂಡ್, ಒಂದು ಬ್ಯಾಶ್. ಸ್ಟ್ರೈಕ್ ಹೊಡೆದರೆ 6 ಏಟು, ಡಿಫೆಂಡ್ ಹಿಡಿದರೆ 5ರಷ್ಟು ತಡೆ, ಬ್ಯಾಶ್ ಸ್ಟ್ರೈಕಿಗಿಂತ ಜೋರಾದ ಏಟು. ಪ್ರತಿ ಸರದಿಗೆ ಐದು ಕಾರ್ಡು ಕೈಗೆ ಬರುತ್ತೆ, ಖರ್ಚಿಗೆ ಮೂರು ಎನರ್ಜಿ. ಎದುರಿನ ರಾಕ್ಷಸ ಮುಂದೆ ಏನು ಮಾಡ್ತಾನೆ ಅನ್ನೋದು ಅವನ ತಲೆ ಮೇಲೇ ಕಾಣುತ್ತೆ, ಎಷ್ಟು ಏಟು ಅನ್ನೋ ಅಂಕಿಯ ಸಮೇತ. ಮುಚ್ಚುಮರೆ ಇಲ್ಲದ ಆಟ ಅದು, ಸೋತರೆ ಯಾಕೆ ಸೋತೆ ಅಂತ ಹಿಂತಿರುಗಿ ನೋಡಿ ಹೇಳಬಹುದು. ಅದಕ್ಕೇ ಅಷ್ಟು ಇಷ್ಟ.

ಪ್ರತಿ ಕಾಳಗ ಗೆದ್ದ ಮೇಲೆ ಮೂರು ಹೊಸ ಕಾರ್ಡು ತೋರಿಸಿ ಒಂದನ್ನ ತಗೋ ಅನ್ನುತ್ತೆ. ಪಕ್ಕದಲ್ಲೇ 'ಬೇಡ' ಅನ್ನೋಕೂ ಒಂದು ಗುಂಡಿ ಇದೆ. ಮೊದಲ ಒಂದೆರಡು ತಿಂಗಳು ಆ ಗುಂಡಿಯನ್ನ ನಾನು ಮುಟ್ಟಲೇ ಇಲ್ಲ. ಪುಕ್ಕಟೆ ಕೊಡೋದನ್ನ ಬೇಡ ಅನ್ನೋದು ಹೇಗೆ? ಎರಡನೇ ಅಂಕದ, ಅಂದರೆ ಆಟದ ಎರಡನೇ ಹಂತದ, ಕೊನೆಗೆ ಬರೋ ಹೊತ್ತಿಗೆ ಡೆಕ್ಕಿನಲ್ಲಿ 40 ಕಾರ್ಡು ಇರೋವು, ಎಲ್ಲವೂ ಒಂದಕ್ಕಿಂತ ಒಂದು ಚೆನ್ನ, ಅಲ್ಲೇ ಸೋಲು. ಒಂದು ರಾತ್ರಿ ಕಾಗದ ತಗೊಂಡು ಲೆಕ್ಕ ಹಾಕಿದೆ. ಹತ್ತು ಕಾರ್ಡಿನ ಡೆಕ್ಕಿನಲ್ಲಿ ಬ್ಯಾಶ್ ಎರಡು ಸರದಿಗೊಮ್ಮೆ ಕೈಗೆ ಬರುತ್ತೆ. 40 ಆದ ಮೇಲೆ ಎಂಟು ಸರದಿಗೊಮ್ಮೆ. ಅಂಕದ ಕೊನೆಗೆ ಬರೋ ದೊಡ್ಡ ರಾಕ್ಷಸನಿಗೆ ಬಾಸ್ ಅಂತಾರೆ, ಅಷ್ಟು ಹೊತ್ತು ಯಾವ ಬಾಸೂ ನಮ್ಮನ್ನ ಕಾಯೋದಿಲ್ಲ.

ಅದೇ ರಾತ್ರಿ ಆಟದೊಳಗಿನ ಅಂಗಡಿಗೆ ಹೋದಾಗ ಮಿರಿಮಿರಿ ಹೊಳೆಯೋ ಕಾರ್ಡುಗಳನ್ನೆಲ್ಲ ಬಿಟ್ಟು 75 ಚಿನ್ನದ ನಾಣ್ಯ ಕೊಟ್ಟು ಒಂದು ಸ್ಟ್ರೈಕನ್ನ ತೆಗೆಸಿದೆ. ಮುಂದಿನ ಸಲ ಅದೇ ಕೆಲಸಕ್ಕೆ 100 ಕೇಳುತ್ತೆ, ಅದರ ಮುಂದಿನ ಸಲ 125. ಕೊಟ್ಟೆ. ಕೊನೆಗೆ 19 ಕಾರ್ಡಿನ ಡೆಕ್ ಹಿಡಿದು ಮೊದಲ ಸಲ ಮೂರನೇ ಅಂಕದ ಬಾಸನ್ನ ಕೆಡವಿದಾಗ ರಾತ್ರಿ ಒಂದೂವರೆ. ಮನೆಯವರೆಲ್ಲ ಮಲಗಿದ್ದರು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಆ 19 ಕಾರ್ಡನ್ನ ಇನ್ನೊಂದು ಸಲ ಒಂದೊಂದಾಗಿ ನೋಡಿದೆ. ಒಂದೂ ಸುಮ್ಮನೆ ಕೂತಿದ್ದು ಇರಲಿಲ್ಲ.

ಈ ಹತ್ತು ಕಾರ್ಡು, ಐದು ಕೈಗೆ ಅನ್ನೋ ಲೆಕ್ಕ 2008ರ ಡೊಮಿನಿಯನ್ ಅನ್ನೋ ಮೇಜಿನ ಆಟದಲ್ಲೇ ಇತ್ತು. ಆದರೆ ಅದಕ್ಕೂ ಎಷ್ಟೋ ಮೊದಲು ನಮ್ಮ ದೊಡ್ಡಪ್ಪನ ಕೈಯಲ್ಲಿ ಇದೇ ವಿದ್ಯೆ ನೋಡಿದ್ದೆ ಅಂತ ಈಗ ಹೊಳೆಯುತ್ತೆ. ಮದುವೆಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ಜಮಖಾನ ಹಾಸಿ ರಮ್ಮಿಗೆ ಕೂರುತ್ತಿದ್ದರಲ್ಲ. ಹದಿಮೂರು ಎಲೆ, ಒಂದು ಎತ್ತಿದರೆ ಒಂದು ಬಿಡಲೇಬೇಕು. ಬೇರೆಯವರೆಲ್ಲ ಆಟೀನ್ ರಾಜ-ರಾಣಿ ಹಿಡಿದುಕೊಂಡು ಗುಲಾಮನಿಗಾಗಿ ಕಾಯುತ್ತಾ ಕೂತರೆ, ದೊಡ್ಡಪ್ಪ ಎರಡನೇ ಸುತ್ತಿಗೇ ರಾಣಿಯನ್ನ ಕೆಳಗೆ ಹಾಕಿಬಿಡೋರು. ಮುಖದಲ್ಲಿ ಒಂದಿಷ್ಟೂ ಬೇಜಾರಿಲ್ಲ. ಸೋತಾಗ ಅವರ ಕೈಯಲ್ಲಿ ಯಾವತ್ತೂ ದೊಡ್ಡ ಎಲೆ ಉಳಿದಿರುತ್ತಿರಲಿಲ್ಲ, ಹಾಗಾಗಿ ಪಾಯಿಂಟೂ ಏರುತ್ತಿರಲಿಲ್ಲ.

ಈಗ ಪುಟ್ಟಿಯ ಡೆಕ್ಕಿಗೆ ಬರ್ತೀನಿ. ಶುರುವಿಗೆ ಏಳು ಕಾರ್ಡು ಕೈಗೆ ಬರುತ್ತೆ. ಡೆಕ್ಕಿನಲ್ಲಿ ಒಂದು ಕಾರ್ಡು ಒಂದೇ ಇದ್ದರೆ ಅದು ಆ ಏಳರಲ್ಲಿ ಬರೋ ಸಂಭವ ನೂರಕ್ಕೆ 12ರ ಆಸುಪಾಸು. ನಾಲ್ಕು ಇಟ್ಟರೆ, ಮೂಲ ಎನರ್ಜಿ ಬಿಟ್ಟು ಮಿಕ್ಕವಕ್ಕೆ ನಾಲ್ಕೇ ಗರಿಷ್ಠ ಮಿತಿ, ನೂರಕ್ಕೆ 40. ಇನ್ನೊಂದು ಮಾತು ಯಾರೂ ಮೊದಲಿಗೆ ಗಮನಿಸಲ್ಲ. ಪೋಕೆಮಾನ್‌ನಲ್ಲಿ ಆಟಕ್ಕೆ ಮುಂಚೆ ಆರು ಕಾರ್ಡನ್ನ ಮುಖ ಕೆಳಗೆ ಮಾಡಿ ಬಹುಮಾನ ಅಂತ ಪಕ್ಕಕ್ಕಿಡ್ತೀವಲ್ಲ? 60ರಲ್ಲಿ ಆರು. ಒಂದೇ ಒಂದು ಚಾರಿಝಾರ್ಡ್ ಇಟ್ಟರೆ ಹತ್ತು ಆಟದಲ್ಲಿ ಒಂದು ಆಟಕ್ಕೆ ಅದು ಅಲ್ಲೇ ಬಿದ್ದಿರುತ್ತೆ. ಆ ದಿನ ಪುಟ್ಟಿ ಡೆಕ್ಕಿನ ತುಂಬ ಹುಡುಕಿದರೂ ಸಿಗಲ್ಲ, ಪಾಪ.

ಅವಳ ಹತ್ತಿರ ಇರೋ ಚಾರಿಝಾರ್ಡ್ ಈಎಕ್ಸ್ ಕಾರ್ಡನ್ನ ಒಮ್ಮೆ ಜೋರಾಗಿ ಓದಿಸು. 2023ರ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್ಟಿನದು, 330 ಎಚ್‌ಪಿ, ಅಂದರೆ ಅಷ್ಟು ಏಟು ಬಿದ್ದರೆ ಮಾತ್ರ ಬೀಳೋದು. ಕೈಯಿಂದ ಆಡಿ ಅದಕ್ಕೆ ವಿಕಾಸ ಮಾಡಿದ ಕ್ಷಣವೇ ಡೆಕ್ಕಿನಿಂದ ಮೂರು ಬೆಂಕಿ ಎನರ್ಜಿ ಹುಡುಕಿ ತಂದು ಅಂಟಿಸಬಹುದು. ಹೊಡೆಯೋಕೆ ಬೇಕಾಗೋದು ಎರಡೇ. ಏಟು 180, ಎದುರಿನವರು ನಮ್ಮ ಪೋಕೆಮಾನ್ ಕೆಡವಿ ತೆಗೆದುಕೊಂಡ ಪ್ರತಿ ಬಹುಮಾನದ ಕಾರ್ಡಿಗೂ ಮತ್ತೆ 30. ನಾವು ಸೋಲ್ತಾ ಹೋದಷ್ಟೂ ಅದರ ಬಲ ಏರುತ್ತೆ, ಎಂಥ ಚೆಂದದ ಕಲ್ಪನೆ ನೋಡು! ಎನರ್ಜಿಯನ್ನ ತಾನೇ ಹುಡುಕಿಕೊಳ್ಳೋ ಕಾರ್ಡು ಇರುವಾಗ 22 ಯಾತಕ್ಕೆ? ಬೆಂಕಿ ಒಂದೇ ಬಣ್ಣ ಇಡಿ, 9 ಸಾಕು. ಚಾರ್ಮ್ಯಾಂಡರ್ 4, ಚಾರ್ಮೀಲಿಯನ್ 2, ಚಾರಿಝಾರ್ಡ್ 3, ಮಧ್ಯದ ಮೆಟ್ಟಿಲು ಹಾರೋಕೆ ರೇರ್ ಕ್ಯಾಂಡಿ 4. ಬೇಕಾದ ಪೋಕೆಮಾನ್ ಹುಡುಕೋಕೆ ನೆಸ್ಟ್ ಬಾಲ್, ಅಲ್ಟ್ರಾ ಬಾಲ್. ಬೇಸಿಕ್ ಪೋಕೆಮಾನ್, ಅಂದರೆ ಚಾರ್ಮ್ಯಾಂಡರ್ ಥರ ವಿಕಾಸ ಬೇಡದೆ ನೇರ ಇಳಿಯೋವು, ಒಟ್ಟು ಹನ್ನೆರಡಾದರೂ ಇರಲಿ. ಎಂಟೇ ಇದ್ದರೆ ನೂರಕ್ಕೆ 35 ಸಲ ಮೊದಲ ಕೈಯಲ್ಲಿ ಒಂದೂ ಬರಲ್ಲ, ಮತ್ತೆ ಕಲಸಬೇಕು, ಎದುರಿನವರಿಗೆ ಒಂದು ಕಾರ್ಡು ಹೆಚ್ಚಿಗೆ. ಹನ್ನೆರಡಾದರೆ ಅದು 19ಕ್ಕೆ ಇಳಿಯುತ್ತೆ.

ಪಿಕಾಚುವನ್ನ ತೆಗೆಯೋದು ಅವಳಿಗೆ ಕಷ್ಟ ಅಂತ ಗೊತ್ತು. ಒತ್ತಾಯ ಮಾಡಬೇಡ. ಹತ್ತು ಆಟ ಆಡಿಸಿ, ಪಿಕಾಚು ಕೈಗೆ ಬಂದಾಗಲೆಲ್ಲ ಕೆಲಸಕ್ಕೆ ಬಂತಾ ಇಲ್ಲವಾ ಅಂತ ಒಂದು ಚೀಟಿಯಲ್ಲಿ ಗೆರೆ ಎಳೆಯೋಕೆ ಹೇಳು. ಮಿಂಚಿನ ಎನರ್ಜಿ ಇಲ್ಲದ ಡೆಕ್ಕಿನಲ್ಲಿ ಅದು ಏನು ಮಾಡೀತು? ಅವಳೇ ತೆಗೀತಾಳೆ. ತಾನೇ ತೆಗೆದ ಕಾರ್ಡನ್ನ ಮಕ್ಕಳು ಮರೆಯಲ್ಲ.

ಕಾರ್ಡು ಸಾಲದು ಅಂತ ಪ್ಯಾಕೆಟ್ ಮೇಲೆ ಪ್ಯಾಕೆಟ್ ಕೊಳ್ಳೋಕೆ ಮಾತ್ರ ಹೋಗಬೇಡ ಮಾರಾಯ. ಪ್ಯಾಕೆಟ್ ಹರಿಯೋದು ಬೇರೆ, ಆಟ ಆಡೋದು ಬೇರೆ. ಪೋಕೆಮಾನ್ ಪಾಕೆಟ್ ಅನ್ನೋ ಮೊಬೈಲ್ ಆಪ್ ನೋಡು, 2024ರಲ್ಲಿ ಬಂದಿದ್ದು. ಡೆಕ್ಕಿಗೆ 20 ಕಾರ್ಡು, ಒಂದೇ ಹೆಸರಿನವು ಎರಡು, ಎನರ್ಜಿ ಕಾರ್ಡೇ ಇಲ್ಲ, ಮೂರು ಪಾಯಿಂಟಿಗೆ ಗೆಲುವು. ಆಟದ ರಚನೆ ನಿಜಕ್ಕೂ ಜಾಣತನದ್ದು, ಬಸ್ಸಿನಲ್ಲಿ ಕೂತು ಐದಾರು ನಿಮಿಷದಲ್ಲಿ ಒಂದು ಆಟ ಮುಗಿಯುತ್ತೆ. ಆದರೆ ಅದರಲ್ಲಿ ಎಲ್ಲಕ್ಕಿಂತ ಮುದ್ದಾಗಿ ಮಾಡಿರೋದು ಪ್ಯಾಕೆಟ್ ಹರಿಯೋ ಗಳಿಗೆಯನ್ನ. ಬೆರಳು ಎಳೆದರೆ ತುದಿ ಚರ್ರಂತ ಹರಿಯೋದು, ಒಂದೊಂದೇ ಕಾರ್ಡು ಮೇಲೇಳೋದು. ದಿನಕ್ಕೆ ಎರಡು ಪ್ಯಾಕೆಟ್ ಪುಕ್ಕಟೆ, ಇನ್ನೂ ಬೇಕೆಂದರೆ ದುಡ್ಡು. ನನ್ನ ಅಕ್ಕನ ಮಗ ಆ ಎರಡನ್ನ ಹರಿದು ಆಪ್ ಮುಚ್ಚಿಬಿಡ್ತಾನೆ, ಆಟವನ್ನೇ ಆಡಲ್ಲ. ಅದನ್ನ ನೋಡಿದಾಗ ನನಗೆ ಹೊಟ್ಟೆಯೊಳಗೆ ಒಂಥರಾ ಸಂಕಟ. ಇಷ್ಟು ಒಳ್ಳೆಯ ಆಟ ಅವನ ಕೈಯಲ್ಲೇ ಇದೆ, ಅವನಿಗೆ ಅದರ ಬಾಗಿಲು ಮಾತ್ರ ಗೊತ್ತು.

ದುಡ್ಡು ಕೊಟ್ಟು ಒಂದೇ ಸಲ ಕೊಳ್ಳೋ ಆಟಗಳ ಮೇಲೆ ನನಗಿರೋ ಪ್ರೀತಿಗೆ ಇದೇ ಕಾರಣ. ಬಲಾಟ್ರೋ ಅನ್ನೋ ಕಂಪ್ಯೂಟರ್ ಆಟ ಆಡು ಅಂತ ಎಷ್ಟು ಸಲ ಹೇಳಿದ್ದೀನಿ ನಿನಗೆ? ನಮಗೆಲ್ಲ ಗೊತ್ತಿರೋ 52 ಎಲೆಯ ಇಸ್ಪೀಟು ಕಟ್ಟೇ ಅದರ ಬುನಾದಿ. ಅದರ ಮೇಲೆ ಐದು ಜೋಕರ್ ಇಡೋಕೆ ಜಾಗ. ಆರನೆಯದು ಬೇಕಾದರೆ ಸಾಮಾನ್ಯವಾಗಿ ಒಂದನ್ನ ಮಾರಲೇಬೇಕು. ಎರಡು ಎಲೆಯನ್ನ ಕಟ್ಟಿನಿಂದಲೇ ಅಳಿಸಿಹಾಕೋ ಕಾರ್ಡೂ ಇದೆ. ಸ್ಪೇಡ್ ಎಲೆಯಷ್ಟನ್ನೂ ಒಂದೊಂದಾಗಿ ಅಳಿಸ್ತಾ ಹೋಗಿ ಕಟ್ಟನ್ನ ತೆಳ್ಳಗೆ ಮಾಡಿದ ಆಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಆ ಆಟವನ್ನ ಕಟ್ಟಿದವರು ಕೆನಡಾದ ಒಬ್ಬರೇ, ಲೋಕಲ್‌ಥಂಕ್ ಅನ್ನೋ ಅಡ್ಡಹೆಸರಿನಲ್ಲಿ, ಬಿಡುಗಡೆಯಾಗಿದ್ದು 2024ರಲ್ಲಿ.

ಹಾರ್ತ್‌ಸ್ಟೋನ್ ಅನ್ನೋ ಕಂಪ್ಯೂಟರಿನ ಕಾರ್ಡಾಟ ಯಾಕೆ ಬಿಟ್ಟೆ ಅಂತ ಹಿಂದೆ ಕೇಳಿದ್ದೆಯಲ್ಲ, ಅದನ್ನೂ ಇಲ್ಲೇ ಹೇಳಿಬಿಡ್ತೀನಿ. ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನೋ ಕಾರ್ಡಾಟವನ್ನ 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದಾಗ ಮಾಂತ್ರಿಕ ಶಕ್ತಿ ಕೊಡೋ ಭೂಮಿಯ ಕಾರ್ಡುಗಳನ್ನೂ ಡೆಕ್ಕಿನೊಳಗೇ ಇಟ್ಟರು. ಭೂಮಿ ಬರದೆ ಸೋತಾಗ ಎಲ್ಲರೂ ಶಪಿಸ್ತಾರೆ. ಹಾರ್ತ್‌ಸ್ಟೋನ್ ಆ ತೊಂದರೆಯೇ ಬೇಡ ಅಂತ ಪ್ರತಿ ಸರದಿಗೆ ಒಂದೊಂದು ಹರಳು ತಾನಾಗಿ ಕೊಡುತ್ತೆ, ಹತ್ತರವರೆಗೆ. ಸಲೀಸು, ಒಪ್ತೀನಿ. ಆದರೆ 60ರಲ್ಲಿ ಭೂಮಿ 24 ಇಡಲೋ 22 ಸಾಕೋ ಅಂತ ಭಾನುವಾರ ಮಧ್ಯಾಹ್ನವೆಲ್ಲ ಕೂತು ಯೋಚಿಸೋ ಸುಖ ಅಲ್ಲಿಲ್ಲ. ನನಗೆ ಆ ಮಧ್ಯಾಹ್ನಗಳೇ ಬೇಕು.

ಇನ್ನು ಕಾರ್ಡು ಸಾಲದ ಮಾತು. ಕಳೆದ ವರ್ಷ ಒಂದು ಜಾತ್ರೆಯಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡು ಮಾರುತ್ತಿದ್ದರು, ಅಕ್ಕನ ಮಗನಿಗೆ ಅಂತ ಒಂದು ಪೆಟ್ಟಿಗೆ ತಂದೆ. ಮನೆಗೆ ಬಂದು ನೋಡಿದರೆ ಎಲ್ಲವೂ ನಕಲಿ, ಮೇಲಿನ ಬರಹವೂ ಅರ್ಧಂಬರ್ಧ. ಅವನು ಅದನ್ನ ಹಿಡಿದು ಓದೋಕೆ ಪರದಾಡಿದ್ದು ನೋಡಿ ತುಂಬ ನೋವಾಯಿತು. ಅದಕ್ಕಿಂತ ಈ ಉಪಾಯ ಮಾಡು: ಬೇಕಾದ ಕಾರ್ಡಿನ ಹೆಸರು, ಅಂಕಿ, ಏನು ಮಾಡುತ್ತೆ ಅನ್ನೋದನ್ನ ಬಿಳಿ ಕಾಗದದಲ್ಲಿ ಬರೆದು, 63 ಮಿಲಿಮೀಟರ್ ಅಗಲ 88 ಉದ್ದಕ್ಕೆ ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಇಸ್ಪೀಟು ಎಲೆಯ ಮುಂದೆ ಸೇರಿಸು. ಚಾರಿಝಾರ್ಡ್ ಚಿತ್ರ ಪುಟ್ಟಿಯೇ ಬರೀಲಿ. ಪಂದ್ಯಕ್ಕೆ ನಡೆಯಲ್ಲ, ಮನೆಯಾಟಕ್ಕೆ ಏನೂ ಅಡ್ಡಿಯಿಲ್ಲ. ಒಂದು ತಿಂಗಳು ಹಾಗೆ ಆಡಿ, ಯಾವುದು ಬೇಕೇಬೇಕು ಅನ್ನಿಸುತ್ತೋ ಅದೊಂದನ್ನ ಬಿಡಿಯಾಗಿ ಕೊಂಡುಕೊಳ್ಳಿ.

ಕಲಸೋದನ್ನೂ ಸರಿಯಾಗಿ ಕಲಿಸು. ನಾವು ಇಸ್ಪೀಟು ಕಲಸೋ ಹಾಗೆ ಮೇಲಿಂದ ನಾಲ್ಕು ಸಲ ಜಾರಿಸಿದರೆ ಸಾಲದು, ಹಿಂದಿನ ಆಟದ ಎನರ್ಜಿಗಳೆಲ್ಲ ಒಟ್ಟಿಗೇ ಅಂಟಿಕೊಂಡು ಬರುತ್ತೆ. ಎರಡು ಭಾಗ ಮಾಡಿ ಒಂದರೊಳಗೊಂದು ಸಂದುಸಂದಿಗೆ ಸೇರೋ ಹಾಗೆ ಏಳೆಂಟು ಸಲ. ಸಣ್ಣ ಕೈ, ಮೊದಮೊದಲು ಚೆಲ್ಲಿಹೋಗುತ್ತೆ. ಚೆಲ್ಲಲಿ.

ಹೊಸ ಪಟ್ಟಿ ಮಾಡಿ ಮತ್ತೊಂದು ಫೋಟೋ ಕಳಿಸಿ. ಹೊರಗೆ ಹೋದ ಕಾರ್ಡುಗಳನ್ನೂ ಪಕ್ಕದಲ್ಲಿ ಜೋಡಿಸಿರಲಿ, ಅವನ್ನೇ ಮೊದಲು ನೋಡ್ತೀನಿ. ದೀಪಾವಳಿಗೆ ಊರಿಗೆ ಬರುವಾಗ ನನ್ನ ನೀರಿನ ಡೆಕ್ ತರ್ತೀನಿ ಅಂತ ಪುಟ್ಟಿಗೆ ಹೇಳು. ಸುಮ್ಮನೆ ಬಿಟ್ಟುಕೊಟ್ಟು ಸೋಲೋದಿಲ್ಲ ಅಂತಲೂ ಹೇಳು.

ನಿನ್ನ ಗೆಳೆಯ,
ಮೈಸೂರಿನಿಂದ